ನೆಟ್ ಹೋಯ್ತಾ? ರೂಟರ್‌ನ ತೂತಿಗೆ ಪಿನ್ ಹಾಕುವ ಮುಂಚೆ ಇದನ್ನು ಓದಿ

ಹೋದ ಮಳೆಗಾಲದ ಒಂದು ಭಾನುವಾರ ಬೆಳಗ್ಗೆ ತೀರ್ಥಹಳ್ಳಿಯಿಂದ ಚಿಕ್ಕಪ್ಪನ ಫೋನ್ ಬಂತು. "ರಾತ್ರಿಯಿಂದ ನೆಟ್ ಇಲ್ಲ ಮಾರಾಯ. ಆ ಡಬ್ಬಿಯ ಹಿಂದೆ ಒಂದು ಸಣ್ಣ ತೂತು ಇದೆಯಲ್ಲ, ಅದಕ್ಕೆ ಪಿನ್ನು ಹಾಕಿ ಒತ್ತಿದೆ. ಈಗ ನಮ್ಮ ವೈಫೈ ಹೆಸರೇ ಕಾಣ್ತಾ ಇಲ್ಲ." ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. ಆಮೇಲೆ ಗೊತ್ತಾಗಿದ್ದು ಇಷ್ಟು: ರಾತ್ರಿ ಗಾಳಿಗೆ ರಸ್ತೆ ಬದಿಯ ಮರ ಬಿದ್ದು ಫೈಬರ್ ತುಂಡಾಗಿತ್ತು, ಆ ಬೀದಿಗೆ ಬೀದಿಯೇ ನೆಟ್ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲೈನ್‌ನವರು ಬಂದು ಜೋಡಿಸಿದರು, ಅಕ್ಕಪಕ್ಕದ ಎಲ್ಲ ಮನೆಗೂ ಬಂತು. ಚಿಕ್ಕಪ್ಪನ ಮನೆಗೆ ಮಾತ್ರ ಮೂರು ದಿನ ಬರಲಿಲ್ಲ.

ಯಾಕೆ ಅಂದರೆ, ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಸ್ವಿಚ್ ಆಫ್ ಮಾಡಿ ಆನ್ ಮಾಡುವುದು ರೀಸ್ಟಾರ್ಟ್, ಅದರಿಂದ ಏನೂ ಹಾಳಾಗುವುದಿಲ್ಲ. ಪಿನ್ ಹಾಕಿ ಒತ್ತುವುದು ರೀಸೆಟ್. ಡಬ್ಬಿ ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೆ ಆಗಿಬಿಡುತ್ತದೆ. ಕನೆಕ್ಷನ್ ಕೊಟ್ಟವರು ಅದರೊಳಗೆ ತುಂಬಿಸಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ (ಅವರ ಜಾಲದೊಳಗೆ ನಿಮ್ಮ ಕನೆಕ್ಷನ್ ಯಾವ ದಾರಿ ಹಿಡಿಯಬೇಕು ಅಂತ ಹೇಳುವ ಸಂಖ್ಯೆ) ಎಲ್ಲ ಅಳಿಸಿಹೋಗುತ್ತದೆ. ಕೆಲವು ದೊಡ್ಡ ಕಂಪನಿಗಳ ಡಬ್ಬಿ ಆ ಸೆಟ್ಟಿಂಗ್‌ಗಳನ್ನು ಲೈನ್‌ನಿಂದಲೇ ಮತ್ತೆ ಎಳೆದುಕೊಳ್ಳುತ್ತದೆ, ಆದರೆ ಊರಿನ ಕೇಬಲ್‌ನವರು ಕೊಟ್ಟ ಕನೆಕ್ಷನ್‌ನಲ್ಲಿ ಸಾಮಾನ್ಯವಾಗಿ ಅವರೇ ಬಂದು ಕೂತು ಮತ್ತೆ ಹಾಕಬೇಕು. ಅದಕ್ಕೇ ಮೊದಲ ಮಾತು: ಆ ತೂತಿನ ತಂಟೆಗೆ ಹೋಗಬೇಡಿ.

ಮನೆಯ ನಲ್ಲಿಯಲ್ಲಿ ನೀರು ಬರದಿದ್ದರೆ ಏನು ಮಾಡುತ್ತೇವೆ? ಅಡುಗೆಮನೆ ನಲ್ಲಿ ಬಿಟ್ಟು ಬಚ್ಚಲಿನ ನಲ್ಲಿ ತಿರುಗಿಸಿ ನೋಡುತ್ತೇವೆ. ಅಲ್ಲೂ ಇಲ್ಲ ಅಂದರೆ ಟ್ಯಾಂಕ್ ಹತ್ತಿ ನೋಡುತ್ತೇವೆ, ಆಮೇಲೆ ಪಕ್ಕದವರನ್ನು "ನಿಮಗೆ ನೀರು ಬಂತಾ?" ಅಂತ ಕೇಳುತ್ತೇವೆ. ಯಾರೂ ಮೊದಲೇ ಗೋಡೆ ಒಡೆದು ಪೈಪ್ ಕೀಳುವುದಿಲ್ಲ ಅಲ್ವಾ? ನೆಟ್‌ಗೂ ಅಷ್ಟೇ. ಎಲ್ಲಿ ತುಂಡಾಗಿದೆ ಅಂತ ಮೊದಲು ಗೊತ್ತು ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದಕ್ಕೆ ಇಲ್ಲವೋ, ಎಲ್ಲಕ್ಕೂ ಇಲ್ಲವೋ

ಕಂಪ್ಯೂಟರ್‌ನಲ್ಲಿ ನೆಟ್ ಇಲ್ಲ ಅಂದ ತಕ್ಷಣ ಅದೇ ಮನೆಯ ಇನ್ನೊಂದರಲ್ಲಿ ನೋಡಿ. ಫೋನ್, ಟಿವಿ, ಮಗಳ ಲ್ಯಾಪ್‌ಟಾಪ್, ಯಾವುದಾದರೂ ಸರಿ. ಫೋನ್‌ನಲ್ಲಿ ನೋಡುವಾಗ ಮೊಬೈಲ್ ಡೇಟಾ ಆಫ್ ಮಾಡಿ. ಇದನ್ನು ಮರೆಯುವವರೇ ಜಾಸ್ತಿ. ವೈಫೈಯಲ್ಲಿ ನೆಟ್ ಸತ್ತಿದ್ದರೆ ಫೋನ್ ಸದ್ದಿಲ್ಲದೆ ಸಿಮ್‌ನ ಡೇಟಾಕ್ಕೆ ಹಾರಿಬಿಡುತ್ತದೆ, ನಾವು "ಫೋನ್‌ನಲ್ಲಿ ಬರ್ತಾ ಇದೆ, ಕಂಪ್ಯೂಟರ್‌ದೇ ತೊಂದರೆ" ಅಂದುಕೊಂಡು ಎರಡು ಗಂಟೆ ಕಂಪ್ಯೂಟರ್ ಬಿಚ್ಚಿಕೊಂಡು ಕೂರುತ್ತೇವೆ. ನಾನೇ ಕೂತಿದ್ದೇನೆ.

ಎಲ್ಲದರಲ್ಲೂ ಇಲ್ಲ ಅಂದರೆ ತೊಂದರೆ ರೂಟರ್‌ನಲ್ಲೋ ಹೊರಗಿನ ಲೈನ್‌ನಲ್ಲೋ ಇದೆ, ಕಂಪ್ಯೂಟರ್ ಮುಟ್ಟಬೇಡಿ. ಒಂದರಲ್ಲಿ ಮಾತ್ರ ಇಲ್ಲ ಅಂದರೆ ರೂಟರ್ ಮುಟ್ಟಬೇಡಿ. ವೈಫೈಯಲ್ಲಿರುವ ಎಲ್ಲಕ್ಕೂ ಇಲ್ಲ, ಕೇಬಲ್ ಚುಚ್ಚಿದ ಡೆಸ್ಕ್‌ಟಾಪ್‌ಗೆ ಮಾತ್ರ ಇದೆ ಅನ್ನುವ ಮೂರನೆಯ ಜಾತಿಯೂ ಇದೆ. ಅದು ರೂಟರ್‌ನ ವೈಫೈ ಭಾಗದ ಕಥೆ. ಎಷ್ಟೋ ರೂಟರ್‌ಗಳಲ್ಲಿ ವೈಫೈಗೆ ಅಂತ ಪಕ್ಕದಲ್ಲಿ ಒಂದು ಗುಂಡಿ ಇರುತ್ತದೆ, ಧೂಳು ಒರೆಸುವಾಗ ಕೈ ತಾಗಿ ಆಫ್ ಆಗಿರುತ್ತದೆ.

ದೀಪಗಳು ಏನು ಹೇಳುತ್ತವೆ

ಫೈಬರ್ ಕನೆಕ್ಷನ್ ಇದ್ದರೆ ಗೋಡೆಗೆ ಹೊಡೆದ ಆ ಬಿಳಿ ಡಬ್ಬಿಯ ದೀಪಗಳನ್ನು ಒಮ್ಮೆ ಕೂತು ನೋಡಿ. ಎಲ್ಲ ಸರಿ ಇರುವ ದಿನವೇ ಅದರ ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು, ಕೆಟ್ಟ ದಿನ ಪಕ್ಕಪಕ್ಕ ಇಟ್ಟು ನೋಡಬಹುದು. ಒಂದೊಂದು ಮಾಡೆಲ್‌ನಲ್ಲಿ ಒಂದೊಂದು ತರಹ ಇರುತ್ತದೆ, ಆದರೆ ಮುಖ್ಯವಾದವು ಪವರ್, ಪಾನ್ (PON), ಲಾಸ್ (LOS), ಇಂಟರ್ನೆಟ್.

ಲಾಸ್ ಅನ್ನುವ ದೀಪ ಕೆಂಪಗೆ ಮಿನುಗುತ್ತಿದ್ದರೆ ಫೈಬರ್‌ನಿಂದ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ನೀವು ಕಂಪ್ಯೂಟರ್‌ನಲ್ಲಿ ಏನೇ ತಿಪ್ಪರಲಾಗ ಹಾಕಿದರೂ ನೆಟ್ ಬರುವುದಿಲ್ಲ. ಒಂದೋ ಹೊರಗೆ ಜೆಸಿಬಿ ಎಲ್ಲೋ ಅಗೆದಿದೆ, ಕೊಂಬೆ ಬಿದ್ದಿದೆ, ಅಳಿಲು ಕಡಿದಿದೆ, ಇಲ್ಲಾ ಮನೆಯೊಳಗೇ ಆ ತೆಳು ಹಳದಿ ಅಥವಾ ಬಿಳಿ ವಯರ್ ಮಡಚಿಕೊಂಡಿದೆ. ಕೊನೆಯದನ್ನು ನೀವೇ ನೋಡಬಹುದು. ಫೈಬರ್ ಒಳಗಿರುವುದು ಕೂದಲೆಳೆಯಂಥ ಗಾಜು, ತಾಮ್ರದ ತಂತಿಯ ಹಾಗೆ ಬಗ್ಗಿಸಿದರೆ ಬೆಳಕು ತಿರುವಿನಲ್ಲೇ ಸೋರಿಹೋಗುತ್ತದೆ. ನಮ್ಮ ಮನೆಯಲ್ಲಿ ಒಂದು ಸಲ ದಸರಾ ಗೊಂಬೆ ಕೂರಿಸಲು ಟಿವಿ ಸ್ಟ್ಯಾಂಡನ್ನು ಗೋಡೆಗೆ ತಳ್ಳಿದ್ದರು. ಸ್ಟ್ಯಾಂಡಿನ ಹಿಂದಿನ ಅಂಚಿಗೂ ಗೋಡೆಗೂ ನಡುವೆ ವಯರ್ ಸಿಕ್ಕಿಕೊಂಡು ಸರಿಯಾಗಿ ಲಂಬಕೋನದಲ್ಲಿ ಮುರಿದ ಹಾಗೆ ಬಾಗಿತ್ತು. ಹಗಲು ನೆಟ್ ಇರುತ್ತಿತ್ತು, ಯಾರಾದರೂ ಗೊಂಬೆ ನೋಡಲು ಬಂದು ಸ್ಟ್ಯಾಂಡಿಗೆ ಒರಗಿದರೆ ಹೋಗುತ್ತಿತ್ತು! ಸ್ಟ್ಯಾಂಡನ್ನು ನಾಲ್ಕು ಬೆರಳು ಈಚೆಗೆ ಎಳೆದ ಮೇಲೆ ಕೆಂಪು ದೀಪ ಆರಿತು.

ಡಬ್ಬಿಗೆ ಚುಚ್ಚಿರುವ ಹಸಿರು ತಲೆಯ ಪಿನ್ ಸಡಿಲವಾಗಿದೆಯಾ ಅಂತ ಮೆಲ್ಲಗೆ ಒಳಕ್ಕೆ ಒತ್ತಿ ನೋಡಿ, ಟಕ್ ಅಂತ ಕೂರಬೇಕು. ಸುಮ್ನೆ ಕಿತ್ತು ಕಿತ್ತು ಹಾಕಬೇಡಿ, ತುದಿಗೆ ಧೂಳು ಕೂತರೆ ಅದೇ ಹೊಸ ತೊಂದರೆ. ಕಿತ್ತ ತುದಿಯನ್ನು ಕಣ್ಣಿನ ಎದುರು ಹಿಡಿದು "ಬೆಳಕು ಬರ್ತಿದೆಯಾ" ಅಂತ ಇಣುಕಿ ನೋಡುವುದಂತೂ ಬೇಡವೇ ಬೇಡ. ಅದರಲ್ಲಿ ಬರುವುದು 1490 ನ್ಯಾನೋಮೀಟರ್‌ನ ಲೇಸರ್, ಕಣ್ಣಿಗೆ ಕಾಣುವುದೇ ಇಲ್ಲ.

ಪಾನ್ ದೀಪ ಬಿಡದೆ ಮಿನುಗುತ್ತಿದ್ದರೆ ಬೆಳಕು ಬರುತ್ತಿದೆ, ಆದರೆ ಆ ಕಡೆಯ ಯಂತ್ರ ನಿಮ್ಮ ಡಬ್ಬಿಯನ್ನು ಇನ್ನೂ ಒಳಗೆ ಸೇರಿಸಿಕೊಂಡಿಲ್ಲ ಅಂತ. ಹತ್ತು ನಿಮಿಷ ಕಾದರೂ ನಿಲ್ಲದಿದ್ದರೆ ಫೋನ್ ಮಾಡುವುದೇ ದಾರಿ. ಪಾನ್ ಹಸಿರು, ಲಾಸ್ ಆರಿದೆ, ಇಂಟರ್ನೆಟ್ ದೀಪ ಮಾತ್ರ ಇಲ್ಲ ಅಥವಾ ಕೆಂಪು ಅಂದರೆ ಮೊದಲು ಪ್ಲಾನ್ ಮುಗಿದಿದೆಯಾ ನೋಡಿ. ನಗಬೇಡಿ. ನನಗೆ ಬರುವ ಇಂಥ ಫೋನ್‌ಗಳಲ್ಲಿ ರೀಚಾರ್ಜ್ ಮರೆತ ಕೇಸುಗಳು ಕಮ್ಮಿ ಏನಿಲ್ಲ.

ಯಾವ ದೀಪವೂ ಇಲ್ಲ, ಅಥವಾ ಎಲ್ಲ ದೀಪವೂ ಎರಡೆರಡು ನಿಮಿಷಕ್ಕೆ ಒಟ್ಟಿಗೆ ಆರಿ ಮತ್ತೆ ಹೊತ್ತುತ್ತಿದ್ದರೆ ಅಡಾಪ್ಟರ್ ಮೇಲೆ ಅನುಮಾನ ಪಡಿ. ಬಹಳಷ್ಟು ಡಬ್ಬಿಗಳಿಗೆ 12 ವೋಲ್ಟ್ ಬೇಕು, ಆಂಪಿಯರ್ ಒಂದೋ ಒಂದೂವರೆಯೋ ಎರಡೋ ಅಂತ ಡಬ್ಬಿಯ ಹೊಟ್ಟೆಯ ಮೇಲೆ ಬರೆದಿರುತ್ತದೆ. ಬದಲಿ ತರುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಜಾಸ್ತಿ ಇರಬೇಕು, ಪಿನ್ನಿನ ದಪ್ಪ ಹೊಂದಬೇಕು. ಮನೆಯಲ್ಲಿ ಬಿದ್ದಿರುವ ಹಳೆ ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್ ಪಿನ್ ಹೊಂದುತ್ತದೆ ಅಂತ ಚುಚ್ಚಿ ಬಿಡಬೇಡಿ.

ರೀಸ್ಟಾರ್ಟ್ ಮಾಡುವುದೂ ಒಂದು ಕ್ರಮ

ಮಾಡಿ, ಆದರೆ ಸರಿಯಾಗಿ ಮಾಡಿ. ಫೈಬರ್ ಡಬ್ಬಿ, ಅದರ ಮುಂದೆ ಬೇರೆ ರೂಟರ್ ಇದ್ದರೆ ಅದು, ಎರಡನ್ನೂ ಸ್ವಿಚ್‌ನಲ್ಲೇ ಆಫ್ ಮಾಡಿ. ಅರ್ಧ ನಿಮಿಷ ಬಿಡಿ. ಮೊದಲು ಫೈಬರ್ ಡಬ್ಬಿ ಆನ್ ಮಾಡಿ, ದೀಪಗಳು ನಿಲ್ಲುವ ತನಕ ಕಾಯಿರಿ. ಮೂರು ನಿಮಿಷ ಅಂದುಕೊಳ್ಳಿ, ಒಂದು ಲೋಟ ಕಾಫಿ ಬಿಸಿ ಮಾಡುವಷ್ಟು ಹೊತ್ತು. ಆಮೇಲೆ ರೂಟರ್. ಕೊನೆಗೆ ಕಂಪ್ಯೂಟರ್. ಹತ್ತು ಸೆಕೆಂಡಿಗೊಮ್ಮೆ ಸ್ವಿಚ್ ಟಕಟಕ ಮಾಡಿದರೆ ಅದು ಏಳುವಷ್ಟರಲ್ಲಿ ನೀವು ಮತ್ತೆ ಮಲಗಿಸಿದ ಹಾಗೆ.

ಎರಡು ಡಬ್ಬಿ ಇರುವ ಮನೆಯಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಫೈಬರ್ ಡಬ್ಬಿಯಿಂದ ಬರುವ ಕೇಬಲ್ ರೂಟರ್‌ನ ವ್ಯಾನ್ (WAN) ಅಂತ ಬರೆದ ತೂತಿಗೆ ಹೋಗಬೇಕು, ಸಾಮಾನ್ಯವಾಗಿ ಅದರ ಬಣ್ಣ ಬೇರೆ ಇರುತ್ತದೆ. ಮನೆ ಗುಡಿಸುವಾಗ ಕಿತ್ತು ಪಕ್ಕದ ಲ್ಯಾನ್ (LAN) ತೂತಿಗೆ ಹಾಕಿದರೆ ಆಗ ಎರಡು ಡಬ್ಬಿಗಳೂ ಕಂಪ್ಯೂಟರ್‌ಗಳಿಗೆ ವಿಳಾಸ ಹಂಚಲು ಶುರು ಮಾಡುತ್ತವೆ, ಕೆಲವಕ್ಕೆ ನೆಟ್ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ, ನಿನ್ನೆ ಬಂದದ್ದಕ್ಕೆ ಇವತ್ತು ಬರುವುದಿಲ್ಲ. ಹುಚ್ಚು ಹಿಡಿಯುತ್ತದೆ. ಹಾಗೆಯೇ ಎರಡೂ ಡಬ್ಬಿಯ ಒಳ ವಿಳಾಸ 192.168.1.1 ಆಗಿದ್ದರೂ ಜಗಳವೇ. ರೂಟರ್‌ನದನ್ನು 192.168.2.1 ಅಂತ ಬದಲಿಸಿ.

ಒಂದೇ ಕಂಪ್ಯೂಟರ್‌ಗೆ ಇಲ್ಲ ಅಂದರೆ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಕೇಬಲ್‌ನಲ್ಲಿದ್ದರೆ ಕಂಪ್ಯೂಟರ್‌ನ ಹಿಂದೆ ಕೇಬಲ್ ಚುಚ್ಚುವ ಜಾಗದಲ್ಲಿ ಪುಟ್ಟ ದೀಪ ಮಿನುಗುತ್ತಿದೆಯಾ ನೋಡಿ. ಇಲ್ಲ ಅಂದರೆ ಕೇಬಲ್ ಅಥವಾ ಪೋರ್ಟ್ ಸತ್ತಿದೆ. ರೂಟರ್‌ನ ಬೇರೆ ತೂತಿಗೆ ಹಾಕಿ ನೋಡಿ, ಬೇರೆ ಕೇಬಲ್ ಹಾಕಿ ನೋಡಿ. ಆ ಪ್ಲಾಸ್ಟಿಕ್ ಕ್ಲಿಪ್ ಮುರಿದಿರುವ ಕೇಬಲ್ ಇದ್ದರೆ ಇವತ್ತೇ ಎಸೆಯಿರಿ, ಫ್ಯಾನ್ ಗಾಳಿಗೂ ಅದು ಜಾರುತ್ತದೆ. ಅಟ್ಟದ ಮೇಲಿಂದ ಹಾದುಹೋಗುವ ಕೇಬಲ್ ಆದರೆ ಇಲಿ ಕಡಿದಿದೆಯಾ ಅಂತಲೂ ನೋಡಿ. ಒಳಗೆ ಎಂಟು ತಂತಿ ಇರುತ್ತವೆ. 100 ಎಂಬಿಪಿಎಸ್‌ಗೆ ನಾಲ್ಕು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಅದಕ್ಕೇ ಒಂದು ತಂತಿ ತುಂಡಾದರೆ ಕೆಲವು ಸಲ ನೆಟ್ ಪೂರ್ತಿ ಹೋಗುವುದಿಲ್ಲ, ಎಷ್ಟೇ ದೊಡ್ಡ ಪ್ಲಾನ್ ಇದ್ದರೂ 100ರ ಮೇಲೆ ಏರುವುದಿಲ್ಲ.

ಲ್ಯಾಪ್‌ಟಾಪ್ ಆದರೆ ಏರ್‌ಪ್ಲೇನ್ ಮೋಡ್ ನೋಡಿ. ವೈಫೈ ಹೆಸರನ್ನು ಮರೆಸಿ, ಪಾಸ್‌ವರ್ಡ್ ಹೊಸದಾಗಿ ಹಾಕಿ ಸೇರಿಸಿ. ರೂಟರ್ ಎರಡು ಹೆಸರು ಬಿಡುತ್ತಿದ್ದರೆ ದೂರದ ಕೋಣೆಯಲ್ಲಿ 2.4 ಗಿಗಾಹರ್ಟ್ಸ್‌ನದಕ್ಕೆ ಸೇರಿ, 5 ಗಿಗಾಹರ್ಟ್ಸ್‌ನದು ವೇಗ ಜಾಸ್ತಿ, ಆದರೆ ನಮ್ಮ ಹಳೆ ಮನೆಗಳ ಮುಕ್ಕಾಲಡಿ ಗೋಡೆ ಎರಡು ದಾಟುವಷ್ಟರಲ್ಲಿ ಸುಸ್ತಾಗಿರುತ್ತದೆ. ಹಳೆ ಲ್ಯಾಪ್‌ಟಾಪ್‌ಗಳಿಗೆ ಆ 5ರ ಹೆಸರು ಕಾಣುವುದೇ ಇಲ್ಲ, ಅದು ತೊಂದರೆ ಅಲ್ಲ.

ಇಷ್ಟಕ್ಕೂ ಆಗಲಿಲ್ಲ ಅಂದರೆ ಕಪ್ಪು ಕಿಟಕಿ ತೆರೆಯಬೇಕು. ವಿಂಡೋಸ್‌ನ ಸ್ಟಾರ್ಟ್ ಒತ್ತಿ ಸಿ, ಎಂ, ಡಿ ಅಂತ ಮೂರು ಇಂಗ್ಲಿಷ್ ಅಕ್ಷರ ಹೊಡೆದರೆ ಕಮಾಂಡ್ ಪ್ರಾಂಪ್ಟ್ ಬರುತ್ತದೆ. ಭಯ ಬೇಡ, ಇಲ್ಲಿ ನಾವು ಬರೀ ಕೇಳುತ್ತೇವೆ, ಏನನ್ನೂ ಬದಲಿಸುವುದಿಲ್ಲ. ಐಪಿಕಾನ್ಫಿಗ್ (ipconfig) ಅನ್ನುವ ಪದವನ್ನು ಇಂಗ್ಲಿಷ್‌ನಲ್ಲಿ, ನಡುವೆ ಜಾಗ ಬಿಡದೆ ಹೊಡೆದು ಎಂಟರ್ ಒತ್ತಿ. ನಾಲ್ಕಾರು ಸಾಲು ಬರುತ್ತವೆ. ನಮಗೆ ಬೇಕಾದವು ಎರಡೇ: ಐಪಿವಿ4 ಅಡ್ರೆಸ್ ಮತ್ತು ಡಿಫಾಲ್ಟ್ ಗೇಟ್‌ವೇ.

ಅಡ್ರೆಸ್ 192.168 ಅಂತ ಶುರುವಾಗಿದ್ದರೆ ಸಾಮಾನ್ಯವಾಗಿ ಸರಿ ಇದೆ, ರೂಟರ್ ನಿಮ್ಮ ಕಂಪ್ಯೂಟರ್‌ಗೆ ಮನೆ ನಂಬರ್ ಕೊಟ್ಟಿದೆ. ಕೆಲವು ರೂಟರ್‌ಗಳು 10 ಅಂತ ಶುರುವಾಗುವುದನ್ನು ಕೊಡುತ್ತವೆ, ಅದೂ ಸರಿಯೇ. ಆದರೆ 169.254 ಅಂತ ಶುರುವಾಗಿದ್ದರೆ, ಅಲ್ಲೇ ಇದೆ ಕಳ್ಳ. ಕಂಪ್ಯೂಟರ್ ರೂಟರ್‌ನ ಹತ್ತಿರ ವಿಳಾಸ ಕೇಳಿ ಕೇಳಿ ಸಾಕಾಗಿ, ಯಾರೂ ಉತ್ತರ ಕೊಡದಿದ್ದಾಗ ತನಗೆ ತಾನೇ ಒಂದು ಇಟ್ಟುಕೊಂಡಿದೆ. ಆ ವಿಳಾಸದಿಂದ ಹೊರಗೆ ಹೋಗಲು ಆಗುವುದಿಲ್ಲ. ಕೇಬಲ್, ವೈಫೈ ಪಾಸ್‌ವರ್ಡ್, ರೂಟರ್ ರೀಸ್ಟಾರ್ಟ್, ಈ ಮೂರರಲ್ಲೇ ಹೆಚ್ಚಿನ ಸಲ ಮುಗಿಯುತ್ತದೆ. ಯಾವಾಗಲೋ ಯಾರೋ ಕೈಯಾರೆ ಐಪಿ ಬರೆದಿಟ್ಟಿದ್ದರೆ ಇನ್ನೊಂದು ತೊಂದರೆ: ನೋಡಲು 192.168 ಅಂತಲೇ ಇರುತ್ತದೆ, ಆದರೆ ಹಳೆ ರೂಟರ್‌ಗೆ ಹೊಂದುತ್ತಿದ್ದದ್ದು ಹೊಸದಕ್ಕೆ ಹೊಂದುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಐಪಿ ಅಸೈನ್‌ಮೆಂಟ್ ಅನ್ನುವುದನ್ನು ಆಟೋಮ್ಯಾಟಿಕ್ ಮಾಡಿ.

ಈಗ ಪಿಂಗ್ (ping), ಅಂದರೆ ಆ ಕಡೆಯ ಯಂತ್ರವನ್ನು "ಇದ್ದೀಯಾ?" ಅಂತ ಕೂಗಿ ಕೇಳುವುದು. ಪಿಂಗ್ ಅಂತ ಇಂಗ್ಲಿಷ್‌ನಲ್ಲಿ ಹೊಡೆದು, ಜಾಗ ಬಿಟ್ಟು, ಗೇಟ್‌ವೇ ಅಂತ ಕಂಡ ಆ ನಂಬರ್ ಹಾಕಿ, ಉದಾಹರಣೆಗೆ 192.168.1.1. ಉತ್ತರ ಬಂದರೆ ಕಂಪ್ಯೂಟರ್‌ನಿಂದ ರೂಟರ್ ತನಕ ದಾರಿ ಸರಿ ಇದೆ. ಆಮೇಲೆ ಅದೇ ರೀತಿ 8.8.8.8 ಹಾಕಿ. ಅದು ಗೂಗಲ್‌ನ ಡಿಎನ್‌ಎಸ್ ಸರ್ವರ್ (ವೆಬ್‌ಸೈಟ್‌ನ ಹೆಸರು ಹೇಳಿದರೆ ಅದರ ನಂಬರ್ ವಿಳಾಸ ಹುಡುಕಿಕೊಡುವ ಕಂಪ್ಯೂಟರ್), ನೆನಪಿಡಲು ಸುಲಭ ಅಂತ ಊರೆಲ್ಲ ಅದನ್ನೇ ಪಿಂಗ್ ಮಾಡುತ್ತದೆ. ಇಲ್ಲೂ ಉತ್ತರ ಬಂದರೆ ನೆಟ್ ಇದೆ ಸ್ವಾಮಿ, ಹೊರಗಿನ ಲೈನ್ ಚೆನ್ನಾಗಿದೆ! ಕೊನೆಗೆ ನಂಬರ್ ಬದಲು ಒಂದು ವೆಬ್‌ಸೈಟ್‌ನ ಹೆಸರು ಹಾಕಿ ಪಿಂಗ್ ಮಾಡಿ. ನಂಬರ್‌ಗೆ ಉತ್ತರ ಬಂದು, ಹೆಸರು ಸಿಗಲೇ ಇಲ್ಲ ಅಂದರೆ ಅದು ಡಿಎನ್‌ಎಸ್ ತೊಂದರೆ. ಅಂದರೆ ರಸ್ತೆ ಇದೆ, ವಿಳಾಸ ಹೇಳುವವನು ರಜೆ ಹಾಕಿದ್ದಾನೆ.

ಡಿಎನ್‌ಎಸ್ ಸರಿ ಮಾಡುವುದು ಸುಲಭ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅಲ್ಲಿ ನಿಮ್ಮ ವೈಫೈ ಅಥವಾ ಈಥರ್‌ನೆಟ್, ಅದರೊಳಗೆ ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್ ಪಕ್ಕದ ಎಡಿಟ್ ಒತ್ತಿ ಮ್ಯಾನುಯಲ್ ಆರಿಸಿ, ಐಪಿವಿ4 ಆನ್ ಮಾಡಿ, ಮೊದಲನೆಯದಕ್ಕೆ 1.1.1.1, ಎರಡನೆಯದಕ್ಕೆ 8.8.8.8 ಕೊಡಿ. ಮೊದಲನೆಯದು ಕ್ಲೌಡ್‌ಫ್ಲೇರ್‌ನವರದ್ದು. 2018ರ ಏಪ್ರಿಲ್ 1ರಂದು ಶುರು ಮಾಡಿದರು, ನಾಲ್ಕು ಒಂದುಗಳ ವಿಳಾಸಕ್ಕೆ ನಾಲ್ಕನೇ ತಿಂಗಳ ಒಂದನೇ ತಾರೀಕು. ಏಪ್ರಿಲ್ ಫೂಲ್ ಅಲ್ಲ, ನಿಜವಾಗಿ ಕೆಲಸ ಮಾಡುತ್ತದೆ.

ಪರದೆಯ ಮೂಲೆಯ ಗ್ಲೋಬ್ ಚಿತ್ರ ನೋಡಿ "ನೋ ಇಂಟರ್ನೆಟ್" ಅಂತ ಇದೆ ಅಂದುಕೊಂಡು ಸುಮ್ಮನಾಗಬೇಡಿ. ವಿಂಡೋಸ್ ತನ್ನ ಮೈಕ್ರೋಸಾಫ್ಟ್ ಮನೆಯ ಒಂದು ಪುಟ್ಟ ಟೆಕ್ಸ್ಟ್ ಫೈಲ್ ಓದಲು ಹೋಗುತ್ತದೆ, ಅದು ಸಿಗದಿದ್ದರೆ ನೆಟ್ ಇಲ್ಲ ಅಂತ ತೀರ್ಪು ಕೊಡುತ್ತದೆ. ವಿಪಿಎನ್ (ಆಫೀಸಿನ ಜಾಲಕ್ಕೆ ಒಳದಾರಿ ಹಾಕುವ ಸಾಫ್ಟ್‌ವೇರ್), ಫೈರ್‌ವಾಲ್ (ಒಳಗೆ ಹೊರಗೆ ಹೋಗುವುದನ್ನು ತಡೆಯುವ ಕಾವಲುಗಾರ) ಅಡ್ಡ ಬಂದರೆ ಆ ತೀರ್ಪು ತಪ್ಪಾಗಿರಬಹುದು. ಬ್ರೌಸರ್‌ನಲ್ಲಿ ಒಂದು ಪುಟ ತೆರೆದು ನೋಡಿಯೇ ನಂಬಿ.

ಎಲ್ಲ ಸರಿ ಇದ್ದೂ ಪುಟ ತೆರೆಯದಿದ್ದಾಗ

ಪಿಂಗ್ ಎಲ್ಲ ಪಾಸು, ಬ್ರೌಸರ್ ಮಾತ್ರ ಫೇಲು. ಇಂಥದ್ದರಲ್ಲಿ ನಾನು ಮೊದಲು ನೋಡುವುದು ಗಡಿಯಾರ. ಬಲಮೂಲೆಯ ತಾರೀಕು ಎಷ್ಟೋ ವರ್ಷ ಹಿಂದಿನದಾಗಿದ್ದರೆ ಬ್ಯಾಂಕು, ಮೇಲು ಯಾವುದೂ ತೆರೆಯುವುದಿಲ್ಲ, "ಕನೆಕ್ಷನ್ ಪ್ರೈವೇಟ್ ಅಲ್ಲ" ಅನ್ನುತ್ತದೆ. ವೆಬ್‌ಸೈಟ್‌ಗಳ ಸರ್ಟಿಫಿಕೇಟ್‌ಗೂ ತಾರೀಕು ಇರುತ್ತದಲ್ಲ, ಕಂಪ್ಯೂಟರ್‌ನ ಲೆಕ್ಕದಲ್ಲಿ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಅಸೆಂಬಲ್ ಮಾಡಿಸಿದ ಹಳೆ ಡೆಸ್ಕ್‌ಟಾಪ್‌ಗಳಲ್ಲಿ ಇದು ಮಾಮೂಲು. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಕು ಹಿಂದೆ ಓಡುತ್ತಿದ್ದರೆ ಮದರ್‌ಬೋರ್ಡ್‌ನ ಮೇಲಿರುವ ನಾಣ್ಯದಂಥ ಸೆಲ್ ಸತ್ತಿದೆ. ಸಿಆರ್2032 ಅಂತ ಕೇಳಿ, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಎರಡನೆಯದು ಆಫೀಸಿನ ವಿಪಿಎನ್ ಮತ್ತು ಪ್ರಾಕ್ಸಿ (ನಡುವೆ ನಿಂತು ನಮ್ಮ ಪರವಾಗಿ ಪುಟ ತಂದುಕೊಡುವ ಇನ್ನೊಂದು ಕಂಪ್ಯೂಟರ್). ಮನೆಯಿಂದ ಕೆಲಸ ಮಾಡಿ ಆಫ್ ಮಾಡದೆ ಎದ್ದಿರುತ್ತೀರಿ. ಸೆಟ್ಟಿಂಗ್ಸ್‌ನ ಪ್ರಾಕ್ಸಿ ಪುಟದಲ್ಲಿ ಮ್ಯಾನುಯಲ್ ಅನ್ನುವುದು ಆನ್ ಇದ್ದು, ಅದನ್ನು ನೀವು ಹಾಕಿಲ್ಲ ಅಂದರೆ ಆಫ್ ಮಾಡಿ, ಮತ್ತು ಒಮ್ಮೆ ವೈರಸ್ ಸ್ಕ್ಯಾನ್ ಮಾಡಿಸಿ, ಕಳ್ಳ ಸಾಫ್ಟ್‌ವೇರ್‌ಗಳಿಗೆ ಆ ಜಾಗ ಬಹಳ ಪ್ರೀತಿ.

ಲ್ಯಾಪ್‌ಟಾಪ್ ಮಲಗಿ ಎದ್ದಾಗಲೆಲ್ಲ ವೈಫೈ ಹೋಗುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್‌ನ ಪ್ರಾಪರ್ಟೀಸ್ ತೆರೆಯಿರಿ. ಪವರ್ ಮ್ಯಾನೇಜ್‌ಮೆಂಟ್ ಅನ್ನುವ ಹಾಳೆ ಅಲ್ಲಿದ್ದರೆ ಕರೆಂಟ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಅಪ್‌ಡೇಟ್ ಆದ ಮಾರನೇ ದಿನವೇ ಹೋಗಿದ್ದರೆ ಅಲ್ಲೇ ಪಕ್ಕದಲ್ಲಿ ರೋಲ್ ಬ್ಯಾಕ್ ಡ್ರೈವರ್ ಇದೆ, ಅಡಾಪ್ಟರ್ ನಡೆಸುವ ಸಾಫ್ಟ್‌ವೇರನ್ನು (ಡ್ರೈವರ್) ಹಿಂದಿನದಕ್ಕೆ ಮರಳಿಸುತ್ತದೆ.

ನೆಟ್‌ವರ್ಕ್ ರೀಸೆಟ್ ಅಂತ ವಿಂಡೋಸ್‌ನಲ್ಲೂ ಒಂದಿದೆ, ಅಡ್ವಾನ್ಸ್‌ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗೆ. ಇದು ರೂಟರ್‌ನ ತೂತಿನಷ್ಟು ಅಪಾಯದ್ದಲ್ಲ, ಆದರೂ ಕೊನೆಗೆ ಇಟ್ಟುಕೊಳ್ಳಿ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳೂ ವಿಪಿಎನ್ ಸೆಟ್ಟಿಂಗೂ ಹೋಗುತ್ತವೆ, ಬರೆದಿಟ್ಟುಕೊಂಡು ಮಾಡಿ.

ಫೋನ್ ಮಾಡುವಾಗ

ಲೈನ್‌ನದೇ ತೊಂದರೆ ಅಂತ ಖಾತ್ರಿಯಾದ ಮೇಲೆ ಫೋನ್ ಮಾಡಿ. "ನೆಟ್ ಬರ್ತಿಲ್ಲ ರೀ" ಅಂದರೆ ಅವರು ರೀಸ್ಟಾರ್ಟ್ ಮಾಡಿ ಅನ್ನುತ್ತಾರೆ, ಕಾಲು ಗಂಟೆ ಅದರಲ್ಲೇ ಹೋಗುತ್ತದೆ. ಬದಲಿಗೆ "ಲಾಸ್ ಕೆಂಪು ಮಿನುಗುತ್ತಿದೆ, ರಾತ್ರಿ ಒಂಬತ್ತರಿಂದ, ರೀಸ್ಟಾರ್ಟ್ ಮಾಡಿ ಆಯಿತು, ಪಕ್ಕದ ಮನೆಯಲ್ಲೂ ಇಲ್ಲ" ಅನ್ನಿ. ದೀಪದ ಫೋಟೋ ವಾಟ್ಸಾಪ್ ಮಾಡಿ. ಕಂಪ್ಲೇಂಟ್ ನಂಬರ್ ಕೇಳಿ ಬರೆದುಕೊಳ್ಳಿ. ಲೈನ್ ಹುಡುಗ ಮೀಟರ್ ಹಿಡಿದು ಬಂದರೆ ಬೆಳಕಿನ ಬಲದ ರೀಡಿಂಗ್ (ಡಿಬಿಎಂ ಲೆಕ್ಕದಲ್ಲಿ) ಎಷ್ಟು ಅಂತ ಸುಮ್ನೆ ಕೇಳಿ: ಮೈನಸ್ 20ರ ಆಸುಪಾಸು ಅಂದರೆ ಆರಾಮ, ಮೈನಸ್ 27ರ ಹತ್ತಿರ ಇದ್ದರೆ ಇವತ್ತು ಬಂದರೂ ಮುಂದಿನ ಮಳೆಗೆ ಮತ್ತೆ ಹೋಗುತ್ತದೆ, ಜಾಯಿಂಟ್ ಸರಿ ಮಾಡಿಯೇ ಹೋಗಲು ಹೇಳಿ. ಹಾಗೇ ನಿಮ್ಮ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊಂಡು ಬೀರುವಿನಲ್ಲಿ ಇಡಿ. ಚಿಕ್ಕಪ್ಪನ ಹತ್ತಿರ ಆ ಚೀಟಿ ಇದ್ದಿದ್ದರೆ ನಾನು ಫೋನ್‌ನಲ್ಲೇ ಹತ್ತು ನಿಮಿಷದಲ್ಲಿ ಹಾಕಿಸುತ್ತಿದ್ದೆ.

ಅವರು ಬರುವ ತನಕ ಕೆಲಸ ನಿಲ್ಲಬಾರದು ಅಂದರೆ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಚುಚ್ಚಿ, ಹಾಟ್‌ಸ್ಪಾಟ್ ಪುಟದಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ವೈಫೈ ಕಾರ್ಡೇ ಇಲ್ಲದ ಹಳೆ ಡೆಸ್ಕ್‌ಟಾಪ್‌ಗೂ ನೆಟ್ ಬರುತ್ತದೆ, ಡ್ರೈವರ್ ಹಾಳಾಗಿದ್ದರೆ ಇದೇ ದಾರಿಯಲ್ಲಿ ಹೊಸದನ್ನು ಇಳಿಸಿಕೊಳ್ಳಬಹುದು. ಕೇಬಲ್ ಬರೀ ಚಾರ್ಜ್ ಮಾಡುವಂಥದ್ದಾಗಿದ್ದರೆ ಆಗುವುದಿಲ್ಲ, ಡೇಟಾ ಹೋಗುವ ಕೇಬಲ್ ಬೇಕು. ವಿಂಡೋಸ್ ಆ ಸಮಯದಲ್ಲಿ ಅಪ್‌ಡೇಟ್ ಇಳಿಸಲು ಶುರು ಮಾಡಿದರೆ ದಿನದ ಡೇಟಾ ಹತ್ತು ನಿಮಿಷದಲ್ಲಿ ಖಾಲಿ, ಆ ಕನೆಕ್ಷನ್‌ನ ಸೆಟ್ಟಿಂಗ್‌ನಲ್ಲಿ ಮೀಟರ್ಡ್ (ಡೇಟಾ ನೋಡಿಕೊಂಡು ಖರ್ಚು ಮಾಡು) ಅನ್ನುವುದನ್ನು ಮೊದಲು ಆನ್ ಮಾಡಿಬಿಡಿ.